ಹಿಂಗಾರಿನ ಮುನ್ನೋಟ: ಕಾವೇರಿ ಬಯಲಿಗೂ ಮಂಡಕಳ್ಳಿಯ ವಿಮಾನಕ್ಕೂ ಕರಾವಳಿಯ ಕಡಲಿಗೂ ಒಂದೇ ಮಾತು ಸಾಕೇ?

ಪ್ರಶ್ನೆ (ಪಾಂಡವಪುರದ ರೈತ)

ಬಲ್ಲವರೆಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕಿನಲ್ಲಿ ನಮಗೆ ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಭತ್ತದ ಗದ್ದೆಯೂ ಅದರ ಮೇಲ್ಭಾಗದಲ್ಲಿ ಮಳೆಯನ್ನೇ ನಂಬಿದ ರಾಗಿ ಹೊಲವೂ ಇವೆ. ರಾಗಿ ನವೆಂಬರ್ ನಡುವಿಗೆ ಕುಯ್ಲಿಗೆ ಬರುವಂತಿದ್ದು, ಭತ್ತವೂ ಅದರ ಬೆನ್ನಿಗೇ ಬರುತ್ತದೆ. ಅದೇ ಹೊತ್ತಿನಲ್ಲಿ ಮನೆಯಲ್ಲೊಂದು ಶುಭಕಾರ್ಯವಿರುವುದರಿಂದ ಹೈದರಾಬಾದಿನಲ್ಲಿರುವ ಮಗಳು ಮತ್ತು ಅಳಿಯಂದಿರು ವಿಮಾನದಲ್ಲಿ ಮೈಸೂರಿಗೆ ಬರುವವರಿದ್ದಾರೆ. ನನ್ನ ತಮ್ಮ ಮೈಸೂರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತಾನೆ. ಅವನಿಗೆ ಮಾಲು ಮಲ್ಪೆ ಮತ್ತು ಮಂಗಳೂರಿನಿಂದ ಬರಬೇಕು, ಶುಭಕಾರ್ಯದ ಮರುದಿನದ ಬೀಗರೂಟಕ್ಕೂ ಅವನೇ ಮೀನು ಒದಗಿಸಬೇಕು.

ಹವಾಮಾನ ಇಲಾಖೆಯವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮುನ್ನೋಟವನ್ನು ಪ್ರತಿ ವರ್ಷ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೊಡುತ್ತಾರೆ. ಪತ್ರಿಕೆಗಳಲ್ಲಿ ಅದು 'ಹಿಂಗಾರು ವಾಡಿಕೆಗಿಂತ ಹೆಚ್ಚು' ಎಂದೋ 'ವಾಡಿಕೆಯಷ್ಟು' ಎಂದೋ ಒಂದು ಸಾಲಾಗಿ ಬರುತ್ತದೆ. ಆ ಒಂದು ಸಾಲನ್ನು ಹಿಡಿದು ಕಟಾವು ಯಂತ್ರಕ್ಕೆ ಮುಂಗಡ ಕೊಡುವುದು, ವಿಮಾನದ ಹೊತ್ತನ್ನು ಆರಿಸುವುದು, ಮೀನಿಗೆ ಮಾತು ಕೊಡುವುದು, ಈ ಮೂರನ್ನೂ ತೀರ್ಮಾನಿಸಬಹುದೇ? ಇಲ್ಲವಾದರೆ ಯಾವುದಕ್ಕೆ ಯಾವುದನ್ನು ನೋಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಮೈಸೂರು, ಹವಾಮಾನ ವೀಕ್ಷಣೆಯ ಕೆಲಸದಿಂದ ನಿವೃತ್ತ)

ತೀರ್ಮಾನಿಸಲಾಗದು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ಆ ಮುನ್ನೋಟವು ಪಾಂಡವಪುರವನ್ನಾಗಲಿ ಮಂಡ್ಯ ಜಿಲ್ಲೆಯನ್ನಾಗಲಿ ಕುರಿತದ್ದಲ್ಲ. ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ ಮತ್ತು ದಕ್ಷಿಣ ಒಳನಾಡು ಕರ್ನಾಟಕ, ಈ ಐದು ಉಪವಿಭಾಗಗಳನ್ನು ಒಂದಾಗಿ ಸೇರಿಸಿ, ಅಷ್ಟೂ ನೆಲದ ಮೂರು ತಿಂಗಳ ಸರಾಸರಿ ಮಳೆ ಎಷ್ಟಾದೀತು ಎಂಬುದನ್ನು ಅದು ಹೇಳುತ್ತದೆ. 1971ರಿಂದ 2020ರವರೆಗಿನ ದಾಖಲೆಯ ಪ್ರಕಾರ ಈ ಪ್ರದೇಶದ ಅಕ್ಟೋಬರ್-ಡಿಸೆಂಬರ್ ವಾಡಿಕೆ ಸುಮಾರು 334 ಮಿಲಿಮೀಟರ್. ಅದರ ಶೇ. 88ರಿಂದ 112ರ ನಡುವೆ ಬಿದ್ದರೆ 'ವಾಡಿಕೆಯಷ್ಟು' ಎನ್ನುತ್ತಾರೆ. ಇದರಲ್ಲಿ ದೊಡ್ಡ ಪಾಲು ತಮಿಳುನಾಡಿನ ಕರಾವಳಿಯದು. ಚೆನ್ನೈ ಕಡೆ ಸುರಿದ ಮಳೆಯಿಂದ ಸರಾಸರಿ ಏರಿದ ವರ್ಷ ಮಂಡ್ಯದ ಹೊಲಗಳು ಒಣಗಿ ನಿಂತಿರುವುದು ಸಾಧ್ಯ. ತಮ್ಮ ತಮ್ಮನವರಿಗೆ ಬೇಕಾದ ಕರಾವಳಿ ಕರ್ನಾಟಕವಂತೂ ಆ ಐದರ ಪಟ್ಟಿಯಲ್ಲೇ ಇಲ್ಲ.

ಎರಡನೆಯದಾಗಿ, ಅದು ಸಂಭವನೀಯತೆಯ ಮಾತು. ಹೆಚ್ಚು, ವಾಡಿಕೆ, ಕಡಿಮೆ ಎಂಬ ಮೂರು ಪಾಲುಗಳಲ್ಲಿ ಯಾವುದರ ಕಡೆ ತಕ್ಕಡಿ ವಾಲಿದೆ ಎಂದು ಇಲಾಖೆಯವರು ಹೇಳುತ್ತಾರೆಯೇ ಹೊರತು, ನವೆಂಬರ್ ಎರಡನೆಯ ವಾರ ಒಣಗಿರುತ್ತದೆಯೋ ನೆಂದಿರುತ್ತದೆಯೋ ಎಂದಲ್ಲ. ಹಿಂಗಾರು ಮುಂಗಾರಿನಂತೆ ದಿನಗಟ್ಟಲೆ ಒಂದೇ ಸಮನೆ ಹಿಡಿಯುವ ಮಳೆಯೂ ಅಲ್ಲ. ದೇಶದಿಂದ ಮುಂಗಾರು ಪೂರ್ತಿ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 15. ಆ ಹೊತ್ತಿಗೆ ಪಶ್ಚಿಮದ ಗಾಳಿ ಸತ್ತು ಪೂರ್ವದ ಗಾಳಿ ತಲೆಯೆತ್ತುತ್ತದೆ. ಈ ಅದಲುಬದಲಿನ ದಿನಗಳಲ್ಲಿ ನಮ್ಮಲ್ಲಿ ಬೀಳುವುದು ಬಹುಪಾಲು ಮಧ್ಯಾಹ್ನ ಕಟ್ಟಿ ಸಂಜೆ ಸುರಿಯುವ ಗುಡುಗು ಮಳೆ. ಹಳಬರು ಈ ಹೊತ್ತಿನ ಮಳೆಯನ್ನು 'ಕುರುಡು ಚಿತ್ತೆ' ಎಂದು ಸುಮ್ಮನೆ ಕರೆದಿಲ್ಲ, ಅದು ಬಿದ್ದಲ್ಲಿ ಬಿದ್ದಿತು, ಬೀಳದಲ್ಲಿ ಇಲ್ಲ. ನವೆಂಬರ್ ಬಂದಂತೆ ಮಳೆಯ ಲಗಾಮು ಬಂಗಾಳ ಕೊಲ್ಲಿಯ ಕೈಗೆ ಹೋಗುತ್ತದೆ. ಅಲ್ಲೊಂದು ವಾಯುಭಾರ ಕುಸಿತ ಹುಟ್ಟಿ ಪಶ್ಚಿಮಕ್ಕೆ ಸರಿದರೆ ನಮಗೆ ಮೂರ್ನಾಲ್ಕು ದಿನ ಮೋಡ ಮತ್ತು ಮಳೆ, ಹುಟ್ಟದಿದ್ದರೆ ಬಿಸಿಲು. ಅಂಥ ಕುಸಿತದ ಸುಳಿವು ಒಂದು ವಾರದಷ್ಟು ಮುಂಚೆ ಸಿಕ್ಕೀತು, ಎರಡು ತಿಂಗಳ ಮುಂಚೆ ಯಾರಿಗೂ ಸಿಗುವುದಿಲ್ಲ.

ಆದ್ದರಿಂದ ತಾವು ಋತುವಿನ ಮುನ್ನೋಟವನ್ನು ಓದಿ ಪಕ್ಕಕ್ಕಿಡಿ. ಪ್ರತಿ ಗುರುವಾರ ಇಲಾಖೆ ಹೊರಡಿಸುವ ವಿಸ್ತೃತ ಅವಧಿಯ ಮುನ್ಸೂಚನೆ ಮುಂದಿನ ಎರಡು ವಾರಗಳ ಒಲವನ್ನು ತೋರಿಸುತ್ತದೆ. ಅದಾದ ಮೇಲೆ ಬೆಂಗಳೂರು ಕೇಂದ್ರದ ದಿನನಿತ್ಯದ ಜಿಲ್ಲಾವಾರು ಮುನ್ಸೂಚನೆಯನ್ನು ನೋಡಿ. ಅದರಲ್ಲಿ 'ಒಂದೆರಡು ಕಡೆ' ಎಂದಿದ್ದರೆ ಜಿಲ್ಲೆಯ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವುಗಳಲ್ಲಿ ಮಳೆಯ ನಿರೀಕ್ಷೆಯಿಲ್ಲ ಎಂದು ಅರ್ಥ. 'ಕೆಲವೆಡೆ' ಎಂದರೆ ಅರ್ಧದವರೆಗೆ, 'ಹಲವೆಡೆ' ಎಂದರೆ ಮುಕ್ಕಾಲಿನವರೆಗೆ. 'ಒಂದೆರಡು ಕಡೆ' ಎಂದ ದಿನ ಕುಯ್ಲು ನಿಲ್ಲಿಸುವ ಅಗತ್ಯವಿಲ್ಲ. 'ಹಲವೆಡೆ' ಎಂದ ದಿನ ಕುಡುಗೋಲು ಮುಟ್ಟಬೇಡಿ. 'ಭಾರಿ ಮಳೆ' ಎಂಬುದಕ್ಕೂ ಅಳತೆಯಿದೆ: 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ ಮಾತ್ರ ಹಾಗೆನ್ನುತ್ತಾರೆ.

ಉತ್ತರ 2 (ಮಂಡ್ಯ, ಕೃಷಿ ಪದವೀಧರ)

ಮೇಲಿನ ಹಿರಿಯರು ಮಳೆಯ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಕಾವೇರಿ ಬಯಲಿನ ಹಿಂಗಾರಿನಲ್ಲಿ ರೈತನನ್ನು ಕಾಡುವುದು ಮಳೆಯೊಂದೇ ಅಲ್ಲ. ಇಬ್ಬನಿ, ಮಂಜು ಮತ್ತು ಮೋಡ ಮುಚ್ಚಿದ ಹಗಲುಗಳು ಸದ್ದಿಲ್ಲದೆ ಮಾಡುವ ನಷ್ಟವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾಲೆ ಬಯಲಿನಲ್ಲಿ ನೆಲ ಸದಾ ತೇವವಾಗಿರುತ್ತದೆ. ಮಳೆ ನಿಂತು ಆಕಾಶ ತಿಳಿಯಾದ, ಗಾಳಿಯಿಲ್ಲದ ರಾತ್ರಿ ನೆಲದ ಕಾವು ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಮೇಲಿನ ದಿಣ್ಣೆಗಳಿಂದ ತಗ್ಗಿಗೆ ಇಳಿದು ಗದ್ದೆಯ ಮೇಲೆ ನಿಲ್ಲುತ್ತದೆ. ಅಲ್ಲಿನ ತೇವ ಸೇರಿ ಬೆಳಗಿನ ಜಾವಕ್ಕೆ ಮಂಜಾಗುತ್ತದೆ. ತಮ್ಮ ರಾಗಿ ಹೊಲ ಮೇಲ್ಭಾಗದಲ್ಲಿದೆ ಎಂದಿರಿ. ಹಾಗಿದ್ದರೆ ಗದ್ದೆಯಲ್ಲಿ ಮಂಜು ಕವಿದ ಬೆಳಗ್ಗೆ ಆ ಹೊಲ ತಿಳಿಯಾಗಿಯೇ ಇರಬಹುದು. ಒಂದೇ ಊರಿನ ಎರಡು ಹೊಲಗಳಿಗೆ ಎರಡು ಬಗೆಯ ಹವೆ ಇರುತ್ತದೆ ಎಂಬುದನ್ನು ಯಾವ ಜಿಲ್ಲಾ ಮುನ್ಸೂಚನೆಯೂ ಹೇಳಿಕೊಡುವುದಿಲ್ಲ.

ರಾತ್ರಿಯ ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಇಳಿದು, ಎಲೆಯ ಮೇಲೆ ಇಬ್ಬನಿ ಹೊತ್ತೇರುವವರೆಗೂ ಆರದೆ ಉಳಿದು, ಹಗಲೂ ಮೋಡವೇ ಇದ್ದರೆ ಅದು ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಭತ್ತದಲ್ಲಿ ತೆನೆಯ ಕುತ್ತಿಗೆಗೆ ಅದು ತಗುಲಿದರೆ ಕಾಳು ಜಳ್ಳಾಗುತ್ತದೆ. ರಾಗಿಗೂ ಇದೇ ಬಗೆಯ ರೋಗ ಉಂಟು. ತೆನೆ ಹೊರಡುವ ದಿನಗಳಲ್ಲಿ ಮೂರ್ನಾಲ್ಕು ದಿನ ಹೀಗೆ ಸಾಗಿದರೆ ಮಳೆ ಒಂದು ಹನಿ ಬೀಳದಿದ್ದರೂ ಗದ್ದೆಗಿಳಿದು ಎಲೆಗಳನ್ನು ನೋಡಿ, ಕಣ್ಣಿನಾಕಾರದ ಕಲೆ ಕಂಡರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರನ್ನು ಕೇಳಿ.

ಇನ್ನು ಕುಯ್ಲು. ಮಾಗಿದ ರಾಗಿಯನ್ನು ಕೊಯ್ದು ಸಾಲಿನಲ್ಲಿ ಬಿಟ್ಟ ಮೇಲೆ ಬರುವ ಮಳೆಯಷ್ಟು ಕೆಟ್ಟದ್ದು ಮತ್ತೊಂದಿಲ್ಲ. 2021ರ ನವೆಂಬರ್‌ನಲ್ಲಿ ಹಳೆಯ ಮೈಸೂರು ಭಾಗದ ಉದ್ದಕ್ಕೂ ಅದೇ ಆಯಿತು. ಕೊಯ್ಲಿಗೆ ನಿಂತ ಬೆಳೆ ಮಲಗಿ ತೆನೆಯಲ್ಲೇ ಮೊಳಕೆಯೊಡೆಯಿತು, ಹುಲ್ಲೂ ಕಪ್ಪಾಗಿ ದನಗಳಿಗೆ ಬೇಡವಾಯಿತು. ಆದ್ದರಿಂದ ಕೊಯ್ಯಲು ಒಂದು ಒಣ ದಿನ ಸಾಲದು. ಕೊಯ್ಲು, ಒಣಗು, ಮೆದೆ, ಮೂರೂ ಸೇರಿ ನಾಲ್ಕೈದು ಒಣ ದಿನಗಳು ಒಟ್ಟಿಗೆ ಬೇಕು. ಯಂತ್ರದವನಿಗೆ ಮುಂಗಡ ಕೊಡುವುದಾದರೆ ದಿನಾಂಕವನ್ನು ಗಟ್ಟಿ ಮಾಡದೆ, ವಾರವನ್ನು ಮಾತ್ರ ಹೇಳಿ ಇಟ್ಟುಕೊಳ್ಳಿ. ಭತ್ತಕ್ಕೆ ಯಂತ್ರ ಇಳಿಯಬೇಕಾದರೆ ಗದ್ದೆಯ ನೀರನ್ನು ಹತ್ತು ದಿನ ಮುಂಚೆಯೇ ಬಸಿಯಬೇಕೆಂಬುದು ತಮಗೆ ಗೊತ್ತಿದ್ದದ್ದೇ. ಯಂತ್ರವನ್ನು ಇಬ್ಬನಿ ಆರಿದ ಮೇಲೆ, ಬೆಳಗ್ಗೆ ಹತ್ತರ ನಂತರವೇ ಇಳಿಸಿ. ಒದ್ದೆ ಕಾಳು ಯಂತ್ರದಲ್ಲಿ ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ, ಬಿಡಿಸಿದರೂ ಚೀಲದಲ್ಲಿ ಕಾವು ಹಿಡಿಯುತ್ತದೆ.

ಗ್ರಾಮೀಣ ಕೃಷಿ ಹವಾಮಾನ ಸೇವೆಯ ಪ್ರಕಟಣೆ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, 'ಮೇಘದೂತ್' ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಹೊಲದಲ್ಲಿರುವವರು ಸಿಡಿಲಿಗಾಗಿ 'ದಾಮಿನಿ'ಯನ್ನೂ ಇಟ್ಟುಕೊಂಡಿರಲಿ. ಈ ತಿಂಗಳ ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಉತ್ತರ 3 (ಮೈಸೂರು, ವಿಮಾನಗಳ ಬಗ್ಗೆ ಆಸಕ್ತ)

ವಿಮಾನದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇಲ್ಲಿ ಋತುವಿನ ಒಟ್ಟು ಮಳೆಗೆ ಬೆಲೆಯೇ ಇಲ್ಲ. ವಿಮಾನಕ್ಕೆ ಬೇಕಾದದ್ದು ಇಳಿಯುವ ಆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಎಷ್ಟು ದೂರ ಕಾಣುತ್ತದೆ, ಮೋಡದ ತಳ ಎಷ್ಟು ಎತ್ತರದಲ್ಲಿದೆ, ಗಾಳಿ ಎತ್ತಣಿಂದ ಬೀಸುತ್ತಿದೆ, ಹಾದಿಯಲ್ಲಿ ಗುಡುಗು ಮೋಡ ಇದೆಯೇ ಎಂಬ ನಾಲ್ಕು ಸಂಗತಿಗಳು ಮಾತ್ರ.

ಮೈಸೂರಿನ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಉದ್ದದ್ದು. ಎಟಿಆರ್‌ನಂಥ ಚಿಕ್ಕ ವಿಮಾನಗಳು ಇಳಿಯುವುದೂ ಅದಕ್ಕಾಗಿಯೇ. ಅದರ ಸಂಖ್ಯೆ 09/27, ಅಂದರೆ ಅದು ಪೂರ್ವ-ಪಶ್ಚಿಮವಾಗಿ ಮಲಗಿದೆ. ವಿಮಾನಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿಗೆ ಎದುರಾಗಿ ಇಳಿಯುತ್ತಿದ್ದವು ಹಿಂಗಾರು ನೆಲೆಯಾದ ಮೇಲೆ ಪೂರ್ವಕ್ಕೆ ಮುಖಮಾಡಿ ಇಳಿಯತೊಡಗುತ್ತವೆ. ಎರಡೂ ಋತುಗಳ ಗಾಳಿ ರನ್‌ವೇಯ ಉದ್ದಕ್ಕೇ ಬೀಸುವುದು ನಮ್ಮ ಅದೃಷ್ಟ. ಅಡ್ಡಗಾಳಿಯ ತೊಂದರೆ ಹೆಚ್ಚಾಗಿ ಗುಡುಗು ಮಳೆಯ ಮುಂಗಾಳಿಯಿಂದ ಬರುವಂಥದ್ದು, ಅದು ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಕಳೆಯುತ್ತದೆ. ಅಷ್ಟು ಹೊತ್ತು ವಿಮಾನ ಮೇಲೆಯೇ ಸುತ್ತು ಹಾಕುತ್ತದೆ, ಇಂಧನದ ಲೆಕ್ಕ ಮೀರುವಂತಿದ್ದರೆ ಬೆಂಗಳೂರಿಗೆ ತಿರುಗುತ್ತದೆ.

ಅಕ್ಟೋಬರ್‌ನಲ್ಲಿ ಬರುವವರು ಸಂಜೆಯ ವಿಮಾನವನ್ನು ತಪ್ಪಿಸುವುದು ಒಳ್ಳೆಯದು, ಗುಡುಗು ಮೋಡಗಳು ಬಲಿಯುವುದು ಮೂರು ಗಂಟೆಯಿಂದ ರಾತ್ರಿ ಎಂಟರ ನಡುವೆ. ನವೆಂಬರ್ ನಡುವಿಗೆ ಈ ಲೆಕ್ಕ ತಿರುಗುತ್ತದೆ. ಆಗ ಗುಡುಗು ಕಡಿಮೆಯಾಗಿ ಬೆಳಗಿನ ಮಂಜಿನ ಕಾಟ ಶುರುವಾಗುತ್ತದೆ. ಕಾಣುವ ದೂರ 1,000 ಮೀಟರ್‌ಗಿಂತ ಕೆಳಗಿಳಿದರೆ ಹವಾಮಾನದವರು ಅದನ್ನು ಮಂಜು ಎಂದು ದಾಖಲಿಸುತ್ತಾರೆ, ಅದಕ್ಕಿಂತ ಹೆಚ್ಚಿದ್ದು 5,000 ಮೀಟರ್ ಒಳಗಿದ್ದರೆ ಮಬ್ಬು. ಬೆಂಗಳೂರಿನ ದಕ್ಷಿಣ ರನ್‌ವೇಯಲ್ಲಿ 50 ಮೀಟರ್ ಮಾತ್ರ ಕಾಣುತ್ತಿದ್ದರೂ ಇಳಿಯಲು ಅನುವು ಮಾಡುವ ಸಲಕರಣೆ ಇದೆ, ಆದರೂ ಅದನ್ನು ಬಳಸಲು ವಿಮಾನಕ್ಕೂ ಪೈಲಟ್‌ಗೂ ಅರ್ಹತೆ ಇರಬೇಕು. ಮೈಸೂರಿನಲ್ಲಿ ಅಂಥ ವ್ಯವಸ್ಥೆ ಇಲ್ಲ, ಮಂಜು ಕರಗುವವರೆಗೆ ಕಾಯುವುದೇ ಗತಿ. ಒಂಬತ್ತು ಗಂಟೆಯ ಬಿಸಿಲು ಸಾಮಾನ್ಯವಾಗಿ ಅದನ್ನು ಎತ್ತಿಬಿಡುತ್ತದೆ.

ಹಾಗಾಗಿ ನವೆಂಬರ್‌ಗೆ ತಮ್ಮ ಮಗಳಿಗೆ ಹೇಳಬೇಕಾದದ್ದು ಇಷ್ಟು: ಮಧ್ಯಾಹ್ನದ ಆಸುಪಾಸಿನ ವಿಮಾನ ಸಿಕ್ಕರೆ ಅದು ಎಲ್ಲಕ್ಕಿಂತ ಕ್ಷೇಮ, ಮತ್ತು ಯಾವ ವಿಮಾನವಾದರೂ ಕಾರ್ಯದ ದಿನವೇ ಬೇಡ, ಹಿಂದಿನ ದಿನ ಬರಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಇದ್ದರೆ ಮೈಸೂರಿನ ಆಕಾಶ ತಿಳಿಯಾಗಿದ್ದರೂ ವಿಮಾನ ತಡವಾಗಬಹುದು. ಅದೇ ವಿಮಾನ ಅದಕ್ಕೆ ಮುಂಚೆ ಚೆನ್ನೈಗೆ ಹೋಗಿ ಸಿಕ್ಕಿಬಿದ್ದಿರುವುದು ಉಂಟು, ಟಿಕೆಟ್ ಕೊಂಡವರಿಗೆ ಈ ಸಂಗತಿ ತಿಳಿಯುವುದೇ ಇಲ್ಲ.

ಉತ್ತರ 4 (ಮೂಲ ಉಡುಪಿ, ಈಗ ಮೈಸೂರು)

ಮೀನಿನ ವಿಷಯಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು, ಆಗಸ್ಟ್-ಸೆಪ್ಟೆಂಬರ್‌ನ ಒರಟು ಕಡಲೂ ಇಳಿದ ಮೇಲೆ ಅಕ್ಟೋಬರ್‌ನಿಂದ ಮುಂದಕ್ಕೆ ನಮ್ಮ ಕರಾವಳಿಯ ಕಡಲು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಪೂರ್ವದ ಗಾಳಿ ನೆಲದ ಕಡೆಯಿಂದ ಬೀಸುವುದರಿಂದ ದಡದ ಬಳಿ ಅಲೆ ಏಳುವುದಿಲ್ಲ. ಆದ್ದರಿಂದ ಒಳನಾಡಿಗೆ 'ಹಿಂಗಾರು ಜೋರು' ಎಂದು ಓದಿದ ಮಾತ್ರಕ್ಕೆ ಮೀನು ಬರುವುದಿಲ್ಲವೆಂದು ತಿಳಿಯಬೇಡಿ.

ಕೆಡುವುದು ಅರಬ್ಬಿ ಸಮುದ್ರದಲ್ಲಿ ಏನಾದರೂ ಹುಟ್ಟಿದಾಗ. 2009ರ ನವೆಂಬರ್‌ನಲ್ಲಿ 'ಫ್ಯಾನ್' ಚಂಡಮಾರುತ ನಮ್ಮ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಸಾಗಿ ಮಹಾರಾಷ್ಟ್ರದಲ್ಲಿ ನೆಲ ಸೇರಿತು. 2019ರ ಅಕ್ಟೋಬರ್‌ನಲ್ಲಿ 'ಕ್ಯಾರ್' ಒಮಾನ್ ಕಡೆ ಮುಖ ಮಾಡಿ ಹೋದರೂ, ಹೋಗುವ ಮುಂಚೆ ಮಲ್ಪೆಯಿಂದ ಕಾರವಾರದವರೆಗೆ ಕಡಲನ್ನು ಕಲಕಿತು, ಹೊರಗಿದ್ದ ಬೋಟ್‌ಗಳು ಕಾರವಾರ ಬಂದರಿನೊಳಗೆ ಆಶ್ರಯ ಪಡೆದವು. ಅದರ ಬೆನ್ನಿಗೇ 'ಮಹಾ' ಬಂದಿತು. 2017ರ ನವೆಂಬರ್ ಕೊನೆಯಲ್ಲಿ 'ಓಖಿ' ಕನ್ಯಾಕುಮಾರಿಯ ಬಳಿ ಬಹಳ ಬೇಗ ಬಲಿತು, ಆಗಲೇ ಕಡಲಿಗಿಳಿದಿದ್ದ ಕೇರಳ ಮತ್ತು ತಮಿಳುನಾಡಿನ ಅನೇಕ ಮೀನುಗಾರರು ಮರಳಲಿಲ್ಲ. ಆಳಸಮುದ್ರಕ್ಕೆ ಹೋಗುವ ಬೋಟ್ ಒಂದು ವಾರಕ್ಕೂ ಮಿಕ್ಕಿ ಹೊರಗಿರುತ್ತದೆ, ಎಚ್ಚರಿಕೆ ಬಂದ ದಿನ ಅದು ಎಲ್ಲಿರುತ್ತದೆ ಎಂಬುದೇ ಪ್ರಶ್ನೆ. ಆದ್ದರಿಂದ ಬೋಟ್ ನಡೆಸುವ ತಾಂಡೇಲರು ಮಳೆಯ ಎಚ್ಚರಿಕೆಗಿಂತ ಗಾಳಿಯ ಎಚ್ಚರಿಕೆಗೆ ಕಿವಿಗೊಡುತ್ತಾರೆ. 'ಗಂಟೆಗೆ 45ರಿಂದ 55 ಕಿಲೋಮೀಟರ್, ಆಗಾಗ 65' ಎಂಬ ಸಾಲು ಬಂದರೆ ಹೊರಡಬೇಕಾದ ಬೋಟ್ ನಿಲ್ಲುತ್ತದೆ. ಹಾಗೆಯೇ ವಾಯುಭಾರ ಕುಸಿತವನ್ನು ಚಂಡಮಾರುತವೆಂದು ಕರೆಯುವುದು ಅದರ ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆ.

ಕರ್ನಾಟಕದ ಕರಾವಳಿಗೆ ಚಂಡಮಾರುತದ ಎಚ್ಚರಿಕೆ 2018ರಲ್ಲಿ ಶುರುವಾದ ತಿರುವನಂತಪುರದ ಕೇಂದ್ರದಿಂದ ಬರುತ್ತದೆ. ಅಲೆಯ ಎತ್ತರದ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುತ್ತದೆ. ತಮ್ಮ ತಮ್ಮನವರು ಬೀಗರೂಟಕ್ಕೆ ಒಂದು ವಾರ ಮುಂಚೆ ಇವೆರಡನ್ನೂ ನೋಡಲಿ. ಕಡಲು ಕೆಟ್ಟರೆ ಮೊದಲ ಎರಡು ದಿನ ಮೀನಿನ ಬೆಲೆ ಏರುವುದಿಲ್ಲ, ಏಕೆಂದರೆ ಓಡಿ ಬಂದ ಬೋಟ್‌ಗಳ ಮಾಲೆಲ್ಲ ಒಟ್ಟಿಗೆ ಇಳಿಯುತ್ತದೆ. ಅಭಾವ ಕಾಣುವುದು ಆಮೇಲೆ. ಬಂಗುಡೆ ಸಿಗದಿದ್ದರೆ ಕೆರೆಯ ಕಾಟ್ಲಾ, ರೋಹು ಇವೆ. ಬೀಗರು ಒಪ್ಪುವುದು ಬಿಡುವುದು ತಮಗೆ ಬಿಟ್ಟದ್ದು.

ಇನ್ನೊಂದು ಸಂಗತಿ. ತಮ್ಮ ಮೂರೂ ಚಿಂತೆಗಳನ್ನು ಒಂದೇ ದಾರದಲ್ಲಿ ಪೋಣಿಸುವ ಸಂದರ್ಭವೂ ಬರುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಸೇರಿದ 'ಫೆಂಗಲ್' ಬಲಗುಂದಿದ ಮೇಲೂ ಪಶ್ಚಿಮಕ್ಕೆ ಸರಿಯುತ್ತ ಬಂದು, ಡಿಸೆಂಬರ್ ಮೊದಲ ದಿನಗಳಲ್ಲಿ ದಕ್ಷಿಣ ಒಳನಾಡನ್ನು ನೆನೆಸಿ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅಂಥದ್ದೊಂದು ಬಂದರೆ ಮೊದಲು ಚೆನ್ನೈ ಕಡೆಯ ವಿಮಾನಗಳು, ಆಮೇಲೆ ತಮ್ಮ ರಾಗಿ, ಕೊನೆಗೆ ನಮ್ಮ ಬೋಟ್‌ಗಳು, ಹೀಗೆ ಎರಡು ಮೂರು ದಿನಗಳ ಅಂತರದಲ್ಲಿ ತೊಂದರೆ ಪಡುತ್ತವೆ.

ಉತ್ತರ 5 (ನಂಜನಗೂಡು)

ಇಷ್ಟೆಲ್ಲ ಹೇಳಿದವರು ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಬಗ್ಗೆ ಯಾಕೆ ಸುಮ್ಮನಿದ್ದೀರಿ? ಎಲ್ ನಿನೊ ವರ್ಷದಲ್ಲಿ ಮುಂಗಾರು ಕೈಕೊಟ್ಟರೂ ಹಿಂಗಾರು ಕೈ ಹಿಡಿಯುತ್ತದೆ, ಆ ನೀರು ತಣ್ಣಗಾಗುವ ಲಾ ನಿನಾದಲ್ಲಿ ಅದರ ತಿರುವುಮುರುವು ಎಂದು ಎಲ್ಲೆಡೆ ಓದಿದ್ದೇನೆ. ಅದನ್ನು ತಿಳಿದರೆ ಎರಡು ತಿಂಗಳ ಮುಂಚೆಯೇ ಒಂದು ಅಂದಾಜು ಸಿಗುವುದಿಲ್ಲವೇ?

ಉತ್ತರ 1ರವರಿಂದ ಮರುಉತ್ತರ

ತಾವು ಓದಿದ್ದು ತಮಿಳುನಾಡಿನ ಮಟ್ಟಿಗೆ ಬಹುಮಟ್ಟಿಗೆ ಹೊಂದುತ್ತದೆ. 2015ರ ಪ್ರಬಲ ಎಲ್ ನಿನೊದಲ್ಲಿ ಚೆನ್ನೈ ಮುಳುಗಿತು, ಲಾ ನಿನಾ ಇದ್ದ 2016ರಲ್ಲಿ ಹಿಂಗಾರು ಪೂರ್ತಿ ಸೊರಗಿತು. ಆದರೆ 2021 ಲಾ ನಿನಾ ವರ್ಷವಾಗಿದ್ದೂ ದಕ್ಷಿಣ ಭಾರತದಲ್ಲಿ ಹಿಂಗಾರು ವಾಡಿಕೆಯನ್ನು ಬಹಳವಾಗಿ ಮೀರಿ ಸುರಿಯಿತು. ಮೇಲೆ ಮಂಡ್ಯದವರು ಹೇಳಿದ ರಾಗಿಯ ನಷ್ಟವೂ, ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದದ್ದೂ ಅದೇ ವರ್ಷದ ಹಿಂಗಾರಿನಲ್ಲಿ. 2023ರಲ್ಲಿ ಎಲ್ ನಿನೊ ಇತ್ತು, ಹಿಂದೂ ಮಹಾಸಾಗರದ ಸ್ಥಿತಿಯೂ ಅನುಕೂಲವಾಗಿಯೇ ಇತ್ತು. ಆದರೂ ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ್ದ ನಮ್ಮ ರಾಜ್ಯಕ್ಕೆ ಅಕ್ಟೋಬರ್ ಏನೂ ಕೊಡಲಿಲ್ಲ. ನಮ್ಮ ಒಳನಾಡಿಗೆ ಈ ಸೂತ್ರವನ್ನು ಹಚ್ಚುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಉಪಕಾರ ಸ್ಮರಣೆಗಳು. ಯಂತ್ರಕ್ಕೆ ವಾರ ಮಾತ್ರ ಹೇಳುತ್ತೇನೆ, ಮಗಳಿಗೆ ಹಿಂದಿನ ದಿನದ ಮಧ್ಯಾಹ್ನದ ವಿಮಾನ ನೋಡಲು ತಿಳಿಸಿದ್ದೇನೆ. ಒಂದು ಅನುಮಾನ ಉಳಿಯಿತು. ನಮ್ಮ ಬಂಧುಗಳ ಗದ್ದೆ ಶ್ರೀರಂಗಪಟ್ಟಣದ ಬಳಿ ಹೊಳೆಯ ಅಂಚಿನಲ್ಲಿದೆ. ಹಿಂಗಾರು ಜೋರಾದರೆ ಕನ್ನಂಬಾಡಿ (ಕೆ.ಆರ್.ಎಸ್.) ಅಣೆಕಟ್ಟೆಯಿಂದ ನೀರು ಬಿಟ್ಟು ಆ ಗದ್ದೆ ಮುಳುಗುವ ಭಯವಿದೆಯೇ?

ಉತ್ತರ 2ರವರಿಂದ

ಕನ್ನಂಬಾಡಿ ತುಂಬುವುದು ಹೆಚ್ಚಾಗಿ ಜುಲೈ-ಆಗಸ್ಟ್‌ನಲ್ಲಿ, ಕೊಡಗು ಮತ್ತು ಹೇಮಾವತಿ ಕಣಿವೆಯ ಮುಂಗಾರು ಮಳೆಯಿಂದ. ದೊಡ್ಡ ಪ್ರಮಾಣದ ಹೊರಹರಿವೂ ಬಹುತೇಕ ಆಗಲೇ ಆಗುತ್ತದೆ. ಹಿಂಗಾರಿನ ಒಳಹರಿವು ಅದಕ್ಕೆ ಹೋಲಿಸಿದರೆ ಸಣ್ಣದು. ಆದರೆ ಅಕ್ಟೋಬರ್‌ನಲ್ಲಿ ಅಣೆಕಟ್ಟೆ 124.80 ಅಡಿ ತುಂಬಿಯೇ ನಿಂತಿದ್ದರೆ ಬಂದಷ್ಟು ನೀರನ್ನೂ ಬಿಡಲೇಬೇಕಾಗುತ್ತದೆ, ಏಕೆಂದರೆ ಅದರ 49.45 ಟಿಎಂಸಿ ಸಾಮರ್ಥ್ಯದಲ್ಲಿ ಆಗ ಜಾಗ ಉಳಿದಿರುವುದಿಲ್ಲ. ಹಾಗಾಗಿ ನಿಮ್ಮ ಬಂಧುಗಳು ಮಳೆಯ ಮುನ್ಸೂಚನೆಯ ಜೊತೆಗೆ ಪತ್ರಿಕೆಯಲ್ಲಿ ದಿನವೂ ಬರುವ ಅಣೆಕಟ್ಟೆಯ ಮಟ್ಟವನ್ನೂ ನೋಡಲಿ. ಮಟ್ಟ ನಾಲ್ಕೈದು ಅಡಿ ಕೆಳಗಿದ್ದರೆ ಒಂದೆರಡು ದಿನದ ಭಾರಿ ಮಳೆಯನ್ನು ಅದು ತಡೆದುಕೊಳ್ಳುತ್ತದೆ. ತುಂಬಿದ್ದರೆ ಹೊಳೆಯಂಚಿನ ಪಂಪ್‌ಸೆಟ್ಟನ್ನು ಮೇಲಕ್ಕೆ ಎತ್ತಿಟ್ಟುಕೊಂಡಿರಲಿ. ನದಿಪಾತ್ರದ ಊರುಗಳಿಗೆ ನೀರು ಬಿಡುವ ಮುಂಚೆ ಸೂಚನೆ ಕೊಡುತ್ತಾರೆ, ಆದರೆ ಅದು ರಾತ್ರಿ ಬಂದರೆ ಪಂಪ್‌ಸೆಟ್ ಎತ್ತಲು ಆಳು ಸಿಗುವುದಿಲ್ಲ.